ಢಾಕಾದ ಮಲ್ಮಲ್ ಮತ್ತು ನಾವು ಹೇಳಿದ ಹೆಬ್ಬೆರಳಿನ ಕಥೆ

ಕೆಲವು ತಿಂಗಳ ಹಿಂದೆ ಒಂದು ಶುಕ್ರವಾರ, ಖುತ್ಬಾಕ್ಕೆ ಮುಂಚಿನ ಬಯಾನ್‌ನಲ್ಲಿ ನಾವು ದುಡಿಯುವವರ ಕೂಲಿಯ ಬಗ್ಗೆ ಮಾತನಾಡುತ್ತಿದ್ದೆವು. ಮಾತು ಬೆಳೆದು ಢಾಕಾದ ನೇಕಾರರ ಕಡೆ ಹೋಯಿತು. ಉಂಗುರದೊಳಗೆ ತೂರುವಷ್ಟು ತೆಳುವಾದ ಮಲ್ಮಲ್ ನೇಯುತ್ತಿದ್ದ ಆ ಕುಶಲಕರ್ಮಿಗಳ ಹೆಬ್ಬೆರಳುಗಳನ್ನು ಈಸ್ಟ್ ಇಂಡಿಯಾ ಕಂಪನಿಯವರು ಕತ್ತರಿಸಿಹಾಕಿದರು, ತಮ್ಮ ದೇಶದ ಗಿರಣಿ ಬಟ್ಟೆ ಇಲ್ಲಿ ಮಾರಾಟವಾಗಲೆಂದೇ ಹಾಗೆ ಮಾಡಿದರು ಎಂದು ಹೇಳಿದೆವು. ಮಸೀದಿಯೊಳಗೆ ಒಂದು ನಿಟ್ಟುಸಿರು ಹರಿದಾಡಿತು. ಕೆಲವರು ಕಣ್ಣು ಒರೆಸಿಕೊಂಡದ್ದನ್ನೂ ಕಂಡೆವು. ಮಾತು ನಾಟಿತು ಎಂಬ ಸಂತೋಷ ನಮಗಾಯಿತು. ಅದನ್ನು ಮುಚ್ಚಿಡುವುದು ಬೇಡ.

ನಮಾಜು ಮುಗಿದು ಜನ ಹೊರಟ ಮೇಲೆ ಒಬ್ಬ ಹಿರಿಯರು ಉಳಿದರು. ಅವರದು ಮೂರು ತಲೆಮಾರು ಕೈಮಗ್ಗದಲ್ಲಿ ನೇಯ್ದ ಮನೆತನ. ಈಗ ಮಗ್ಗವಿಲ್ಲ, ಮಕ್ಕಳು ಬೇರೆ ಬೇರೆ ಉದ್ಯೋಗ ಹಿಡಿದಿದ್ದಾರೆ. ಸಲಾಂ ಹೇಳಿ ಮೆಲ್ಲಗೆ ಕೇಳಿದರು: "ಹಜ್ರತ್, ಆ ಹೆಬ್ಬೆರಳಿನ ಮಾತಿಗೆ ಸನದ್ ಏನು? ಯಾರು ನೋಡಿದ್ದು, ಯಾರು ಬರೆದದ್ದು?" ನಾವು ಶಾಲೆಯಲ್ಲಿದ್ದಾಗ ಕೇಳಿದ್ದು, ಎಲ್ಲರೂ ಹೇಳುತ್ತಾರೆ ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಮಗ್ಗದಲ್ಲಿ ಕೂತವನು ಹಜ್ರತ್. ಕಂಪನಿಯವನು ಬಟ್ಟೆ ಕೊಂಡು ಹಡಗಿಗೆ ಹಾಕುವ ವ್ಯಾಪಾರಿ. ನೇಯುವವನ ಬೆರಳು ಕಡಿದರೆ ಅವನಿಗೆ ಬಟ್ಟೆ ಎಲ್ಲಿಂದ ಬರಬೇಕು?" ಎಂದರು.

ಹದೀಸ್ ಪಾಠದಲ್ಲಿ ಒಬ್ಬೊಬ್ಬ ರಾವಿಯ ಹೆಸರು, ಊರು, ನಂಬಿಕೆ, ನೆನಪಿನ ಶಕ್ತಿ ಎಲ್ಲವನ್ನೂ ತೂಗಿ ನೋಡುವುದನ್ನು ವರ್ಷಗಟ್ಟಲೆ ಕಲಿತವರು ನಾವು. ಬಿಎಯಲ್ಲಿ ಇತಿಹಾಸವನ್ನೂ ಓದಿದ್ದೇವೆ. ಆದರೂ ಮಿಂಬರಿನ ಹತ್ತಿರ ನಿಂತು ಇತಿಹಾಸ ಹೇಳುವಾಗ ಆ ತಕ್ಕಡಿಯನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆವು. ಅಂದಿನಿಂದ ಈ ಬಟ್ಟೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆವು. ಓದಿದ್ದನ್ನು ಇಲ್ಲಿ ಓದುಗರ ಮುಂದಿಡುತ್ತಿದ್ದೇವೆ.

ಮೊದಲು ಹೆಸರಿನ ವಿಚಾರ. ಬಿರಿಯಾನಿ ಯಖ್ನಿಗೆ ಮಸಾಲೆ ಪೊಟ್ಟಣ ಕಟ್ಟಲು, ಹಾಲು ಒಡೆಸಿ ಸೋಸಲು ನಮ್ಮ ಮನೆಗಳಲ್ಲಿ ಬಳಸುವ ತೆಳುವಾದ ಬಿಳಿ ಬಟ್ಟೆಯೇ ಮಲ್ಮಲ್. ಅಂಗಡಿಯವರು ಮಸ್ಲಿನ್ ಎಂದೂ ಕರೆಯುತ್ತಾರೆ, ಮಲ್ಲು ಬಟ್ಟೆ ಎಂದೂ ಕರೆಯುತ್ತಾರೆ. ಬೇಸಿಗೆಯಲ್ಲಿ ಹೆಣ್ಣುಮಕ್ಕಳು ಹೊದೆಯುವ ದುಪಟ್ಟಾ, ಹಿರಿಯರು ಸುತ್ತುವ ಪೇಟ ಕೂಡ ಇದರದ್ದೇ. ಮಸ್ಲಿನ್ ಎಂಬ ಹೆಸರು ಇರಾಕಿನ ಮೋಸುಲ್ ಪಟ್ಟಣದಿಂದ ಬಂತು ಎಂದು ಬಹುತೇಕ ನಿಘಂಟುಗಳು ಹೇಳುತ್ತವೆ. ತೈಗ್ರಿಸ್ ನದಿಯ ಆಚೆ ದಡದಲ್ಲಿ ಹಜ್ರತ್ ಯೂನುಸ್ ಅಲೈಹಿಸ್ಸಲಾಮರ ನಿನೆವೆ ಇದ್ದದ್ದು ಅದೇ ಮೋಸುಲ್‌ನಲ್ಲಿ. 13ನೇ ಶತಮಾನದ ಪ್ರವಾಸಿ ಮಾರ್ಕೋ ಪೋಲೋ ಈ ಹೆಸರನ್ನು ಹೇಳಿದ್ದಾನೆ. ಆದರೆ ಅವನು ಹೇಳಿದ್ದು ಚಿನ್ನದ ಎಳೆ ಮತ್ತು ರೇಷ್ಮೆಯ ಬಟ್ಟೆಯನ್ನು, ಹತ್ತಿಯದನ್ನಲ್ಲ. ವ್ಯಾಪಾರಿಗಳ ಬಾಯಲ್ಲಿ ಹೆಸರು ಊರೂರು ಸುತ್ತಿ ಕೊನೆಗೆ ಬಂಗಾಳದ ಹತ್ತಿ ಬಟ್ಟೆಗೆ ಅಂಟಿಕೊಂಡಿತು. ಆಂಧ್ರದ ಮಸೂಲಿಪಟ್ಟಣದಿಂದ ಬಂದ ಹೆಸರು ಎನ್ನುವವರೂ ಇದ್ದಾರೆ. ಮಲ್ಮಲ್ ಮಾತ್ರ ನಮ್ಮ ನಾಡಿನದೇ ಮಾತು. ಇಂಗ್ಲಿಷರು ಅದನ್ನು ಕತ್ತರಿಸಿ 'ಮಲ್' ಮಾಡಿಕೊಂಡರು. ಹತ್ತಿಗೆ ಅರಬಿಯಲ್ಲಿ ಕುತ್ನ್ ಎನ್ನುತ್ತಾರೆ, ಇಂಗ್ಲಿಷರ ಕಾಟನ್ ಹುಟ್ಟಿದ್ದು ಅದರಿಂದಲೇ.

ಢಾಕಾದ ನೇಕಾರರು ಮತ್ತು ವ್ಯಾಪಾರಿಗಳು ಒಂದೊಂದು ತರಹದ ಮಲ್ಮಲ್‌ಗೆ ಒಂದೊಂದು ಹೆಸರಿಟ್ಟಿದ್ದರು. ಆಬ್-ಎ-ರವಾನ್ ಎಂದರೆ ಹರಿಯುವ ನೀರು, ಹೊಳೆಯಲ್ಲಿ ಹಾಸಿದರೆ ನೀರು ಯಾವುದು ಬಟ್ಟೆ ಯಾವುದು ಎಂದು ಗುರುತು ಸಿಗದು ಎಂಬ ಅರ್ಥದಲ್ಲಿ. ಶಬ್‌ನಮ್ ಎಂದರೆ ಇಬ್ಬನಿ. ನಮ್ಮ ಎಷ್ಟೋ ಹೆಣ್ಣುಮಕ್ಕಳಿಗೆ ಇಟ್ಟಿರುವ ಈ ಹೆಸರು ಒಂದು ಬಟ್ಟೆಯ ಹೆಸರೂ ಆಗಿತ್ತು. ತನ್‌ಜೇಬ್ ಎಂದರೆ ಮೈಗೆ ಒಡವೆ, ನೈನ್‌ಸುಖ್ ಎಂದರೆ ಕಣ್ಣಿಗೆ ಸುಖ. ಪೇಟಕ್ಕೆ ನೇಯ್ದದ್ದು ಸರ್‌ಬಂದ್, ಹೂವಿನ ಬುಟ್ಟಾ ನೇಯ್ದದ್ದು ಜಾಮ್‌ದಾನಿ. ಎಲ್ಲಕ್ಕಿಂತ ಮೇಲಿನದು ಮಲ್ಮಲ್ ಖಾಸ್, ಅದು ಬಾದಶಾಹರ ಮನೆಗೆ ಮೀಸಲು.

ಈ ಬಟ್ಟೆಯ ಕೀರ್ತಿಗೆ ಸನದ್ ಬೇಕಾದಷ್ಟಿದೆ. ಕ್ರಿಸ್ತಶಕ ಒಂದನೇ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ಬರೆದ ಒಂದು ನಾವಿಕರ ಕೈಪಿಡಿ ಗಂಗಾ ಮುಖಜ ಪ್ರದೇಶದ ಅತಿ ನಯವಾದ ಹತ್ತಿ ಬಟ್ಟೆಯನ್ನು ಹೆಸರಿಸುತ್ತದೆ. 851ರಲ್ಲಿ ಬರೆದ, ವ್ಯಾಪಾರಿ ಸುಲೈಮಾನ್ ಹೆಸರಿನಲ್ಲಿರುವ ಅರಬಿ ವೃತ್ತಾಂತದಲ್ಲಿ ರುಹ್ಮೀ ಎಂಬ ರಾಜ್ಯದ ಮಾತು ಬರುತ್ತದೆ. ಅಲ್ಲಿ ಹತ್ತಿಯಿಂದ ಮಾಡಿದ ಒಂದು ಇಡೀ ಉಡುಪು ಮುದ್ರೆಯುಂಗುರದೊಳಗೆ ತೂರಿಹೋಗುತ್ತದೆ ಎಂದು ಅದರಲ್ಲಿದೆ. ರುಹ್ಮೀ ಬಂಗಾಳವೇ ಎಂದು ವಿದ್ವಾಂಸರು ಹೇಳುತ್ತಾರೆ. ಉಂಗುರದ ಮಾತು ಹಾಗಾದರೆ ಸಾವಿರ ವರ್ಷಕ್ಕೂ ಹಿಂದಿನದು. 1346ರ ಸುಮಾರಿಗೆ ಇಬ್ನ್ ಬತೂತಾ ಸಿಲ್ಹೆಟ್‌ನ ಹಜ್ರತ್ ಶಾಹ್ ಜಲಾಲರನ್ನು ನೋಡಲು ಬಂಗಾಳಕ್ಕೆ ಬಂದವರು ನದಿಯಲ್ಲಿ ದೋಣಿ ಹಿಡಿದು ಸೋನಾರಗಾಂವ್‌ಗೆ ಹೋದರು. ಬಂಗಾಳದಲ್ಲಿ ಸಾಮಾನುಗಳ ಬೆಲೆ ಎಷ್ಟು ಕಡಿಮೆ ಎಂದು ಬೆರಗಾಗಿ ಬರೆಯುತ್ತಾ, ಮೂವತ್ತು ಮೊಳದ ಉತ್ತಮ ಹತ್ತಿ ಬಟ್ಟೆ ಎರಡು ದೀನಾರಿಗೆ ಮಾರಿದ್ದನ್ನು ನೋಡಿದೆ ಎಂದಿದ್ದಾರೆ. ಚೀನಾದ ನೌಕಾದಳದ ಜೊತೆ ಬಂದ ಮಾ ಹುವಾನ್ ಎಂಬ ದುಭಾಷಿಯೂ ಮುಸ್ಲಿಮನೇ. ಅವನು 15ನೇ ಶತಮಾನದಲ್ಲಿ ಬಂಗಾಳದ ಐದಾರು ಬಗೆಯ ಬಟ್ಟೆಗಳನ್ನು ಅಗಲ ಉದ್ದದ ಸಮೇತ ಬರೆದಿಟ್ಟಿದ್ದಾನೆ. ಅಬುಲ್ ಫಜಲ್ ಬರೆದ ಐನ್-ಎ-ಅಕ್ಬರಿಯಲ್ಲಿ ಸೋನಾರಗಾಂವ್‌ನ ಬಟ್ಟೆ ಇದೆ, ಬಟ್ಟೆಗೆ ವಿಶೇಷ ಬಿಳುಪು ಕೊಡುವ ಒಂದು ಕೆರೆಯ ಮಾತೂ ಇದೆ.

ಔರಂಗಜೇಬ್ ಬಾದಶಾಹರು ಮಗಳ ಉಡುಪು ಪಾರದರ್ಶಕವಾಗಿದೆ ಎಂದು ಗದರಿದಾಗ ಅವಳು ಏಳು ಸುತ್ತು ಉಟ್ಟಿದ್ದೇನೆ ಎಂದಳಂತೆ. ಈ ಕಥೆಯನ್ನೂ ನಾವು ಹಿಂದೆ ಒಂದೆರಡು ಸಲ ಹೇಳಿದ್ದುಂಟು. ಅದು ಅಚ್ಚಾದದ್ದು 1772ರಲ್ಲಿ, ವಿಲಿಯಂ ಬೋಲ್ಟ್ಸ್ ಎಂಬುವನ ಪುಸ್ತಕದಲ್ಲಿ. ಬಾದಶಾಹರು ತೀರಿಕೊಂಡದ್ದು 1707ರಲ್ಲಿ. ನಡುವೆ ಅರವತ್ತೈದು ವರ್ಷ. ಜನರ ಬಾಯಲ್ಲಿದ್ದ ಕಥೆ ಎಂದಷ್ಟೇ ಅದನ್ನು ತೆಗೆದುಕೊಳ್ಳಬೇಕು. ಈ ಬೋಲ್ಟ್ಸ್ ಎಂಬ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಮತ್ತೆ ಬರುತ್ತಾನೆ.

ಬಟ್ಟೆ ಹೇಗೆ ತಯಾರಾಗುತ್ತಿತ್ತು ಎಂಬುದನ್ನು ನಮಗೆ ವಿವರವಾಗಿ ಉಳಿಸಿಕೊಟ್ಟವರು ಜೇಮ್ಸ್ ಟೇಲರ್ ಎಂಬ ಇಂಗ್ಲಿಷ್ ವೈದ್ಯರು. ಢಾಕಾದಲ್ಲಿ ಸರ್ಕಾರಿ ಶಸ್ತ್ರವೈದ್ಯರಾಗಿದ್ದ ಅವರು 1840ರಲ್ಲಿ ಆ ಊರಿನ ಬಗ್ಗೆ ಒಂದು ಪುಸ್ತಕ, 1851ರಲ್ಲಿ ಹತ್ತಿ ಕಸುಬಿನ ಬಗ್ಗೆಯೇ ಇನ್ನೊಂದು ಪುಸ್ತಕ ಬರೆದರು. ಕಸುಬು ಸಾಯುವ ಹೊತ್ತಿಗೆ ಹತ್ತಿರ ಕೂತು ನಾಡಿ ಹಿಡಿದವರ ಹಾಗಿದೆ ಅವರ ಬರಹ. ನಾವು ಆ ಹಿರಿಯರಿಗೆ ಈ ಭಾಗವನ್ನು ಓದಿ ಕನ್ನಡದಲ್ಲಿ ಹೇಳಿದೆವು. ಮಗ್ಗದ ಮಾತು ಬಂದಲ್ಲೆಲ್ಲ ಅವರು ಕೈಯಾಡಿಸಿ ತೋರಿಸುತ್ತಿದ್ದರು.

ಹತ್ತಿಯ ಹೆಸರು ಫುಟಿ ಕಾರ್ಪಾಸ್. ಮೇಘನಾ ನದಿ ಮತ್ತು ಅದನ್ನು ಸೇರುವ ಹೊಳೆಗಳ ದಂಡೆಯ ಮೆಕ್ಕಲು ಮಣ್ಣಿನಲ್ಲಿ ಬೆಳೆಯುತ್ತಿದ್ದ ಗಿಡ. ವರ್ಷಕ್ಕೆ ಎರಡು ಬೆಳೆ, ಅದರಲ್ಲಿ ವಸಂತಕಾಲದ್ದು ಶ್ರೇಷ್ಠ. ಇದರ ಎಳೆ ಗಿಡ್ಡ. ಯಂತ್ರಕ್ಕೆ ಹಾಕಿದರೆ ತುಂಡಾಗುವ ಜಾತಿ. ಆದರೆ ನೀರಿನಲ್ಲಿ ತೊಳೆದಾಗ ಬೇರೆ ಹತ್ತಿಯ ನೂಲು ಉಬ್ಬಿದರೆ ಇದು ಇನ್ನೂ ಬಿಗಿಯಾಗುತ್ತದೆ ಎಂದು ಅಲ್ಲಿನ ನೇಕಾರರು ಹೇಳುತ್ತಿದ್ದರು. ಬೀಜದ ಸಮೇತವಿದ್ದ ಹತ್ತಿಯನ್ನು ಬೋಯಾಲ್ ಎಂಬ ಮೀಸೆ ಮೀನಿನ ದವಡೆ ಮೂಳೆಯಿಂದ ಬಾಚುತ್ತಿದ್ದರು. ಆ ದವಡೆಯ ಸಣ್ಣ ಸಣ್ಣ ಬಾಗಿದ ಹಲ್ಲುಗಳೇ ಬಾಚಣಿಗೆ. ಬಳಿಕ ನುಣುಪಾದ ಹಲಗೆಯ ಮೇಲಿಟ್ಟು ಕಬ್ಬಿಣದ ಸಣ್ಣ ಸರಳು ಉರುಳಿಸಿ ಬೀಜ ಬಿಡಿಸುವುದು, ಪುಟ್ಟ ಬಿಲ್ಲಿನಿಂದ ಹಿಂಜುವುದು. ಹಿಂಜಿದ ಅರಳೆಗೆ ಧೂಳು ತಾಗದಂತೆ ಹಾವಿನಂತಿರುವ ಒಂದು ಮೀನಿನ ನುಣುಪಾದ ಒಣ ಚರ್ಮದಲ್ಲಿ ಸುತ್ತಿಟ್ಟುಕೊಂಡು ನೂಲುತ್ತಿದ್ದರು.

ನೂಲುತ್ತಿದ್ದವರು ಹೆಂಗಸರು. ಅತಿ ನಯವಾದ ನೂಲನ್ನು ಹದಿನೆಂಟರಿಂದ ಮೂವತ್ತು ವಯಸ್ಸಿನವರು ಮಾತ್ರ ತೆಗೆಯಬಲ್ಲರು, ಆಮೇಲೆ ಕಣ್ಣು ಮಂಜಾಗುತ್ತದೆ ಎಂದು ಟೇಲರ್ ಬರೆದಿದ್ದಾರೆ. ಅವರ ಸಾಧನ ತಕಲಿ. ದಪ್ಪ ಸೂಜಿಯಂತಹ ಉಕ್ಕಿನ ಕಡ್ಡಿ, 10ರಿಂದ 14 ಅಂಗುಲ ಉದ್ದ, ಕೆಳತುದಿಗೆ ಜೇಡಿಮಣ್ಣಿನ ಪುಟ್ಟ ಉಂಡೆ. ಮಣ್ಣಿನಲ್ಲಿ ಹೂತ ಚಿಪ್ಪಿನ ಚೂರಿನ ಮೇಲೆ ಅದರ ಮೊನೆಯನ್ನು ಊರಿ ತಿರುಗಿಸುವುದು. ಗಾಳಿ ಒಣಗಿದ್ದರೆ ಎಳೆ ತುಂಡಾಗುತ್ತದೆ. ಆದ್ದರಿಂದ ಬೆಳಗಿನ ಇಬ್ಬನಿ ಆರುವುದರೊಳಗೆ, ಹೆಚ್ಚೆಂದರೆ ಒಂಬತ್ತು ಹತ್ತು ಗಂಟೆಯವರೆಗೆ, ಮತ್ತೆ ಇಳಿಹೊತ್ತಿನಲ್ಲಿ ಸೂರ್ಯ ಮುಳುಗುವ ತನಕ ಕೆಲಸ. ಬಿಸಿಲು ಜೋರಿದ್ದರೆ ಅಗಲ ಬಾಯಿಯ ಪಾತ್ರೆಯಲ್ಲಿ ನೀರಿಟ್ಟು ಅದರ ಮೇಲಿನ ತೇವದ ಗಾಳಿಯಲ್ಲಿ ನೂಲುವುದು. ಹೀಗೆ ತಿಂಗಳಿಡೀ ಬೆಳಗು ಬೆಳಗು ಕೂತರೆ ಒಬ್ಬ ನುರಿತ ಹೆಣ್ಣುಮಗಳು ಅತಿ ನಯವಾದ ನೂಲನ್ನು ತೆಗೆಯುತ್ತಿದ್ದದ್ದು ಅರ್ಧ ತೊಲೆ. ಈಗಿನ ಲೆಕ್ಕದಲ್ಲಿ ಆರು ಗ್ರಾಂಗಿಂತಲೂ ಕಡಿಮೆ. 1846ರಲ್ಲಿ ಟೇಲರ್ ಎದುರಿಗೆ ಒಂದು ಲಡಿಯನ್ನು ಅಳೆದು ತೂಗಿದಾಗ, ಒಂದು ಪೌಂಡ್ ನೂಲು ಆ ಲೆಕ್ಕದಲ್ಲಿ 250 ಮೈಲಿಗಿಂತ ಉದ್ದವಾಗುತ್ತಿತ್ತು. ಅಂದರೆ ಅರ್ಧ ಕಿಲೋಕ್ಕಿಂತ ಕಡಿಮೆ ಹತ್ತಿಯಲ್ಲಿ 400 ಕಿಲೋಮೀಟರ್.

ಆಮೇಲೆ ನೇಯ್ಗೆ. ನೂಲಿಗೆ ಹಾಕುವ ಗಂಜಿ ಅರಳಕ್ಕಿಯದು, ಅದಕ್ಕೆ ಚಿಟಿಕೆ ಸುಣ್ಣ. ಹಾಸು ಹೂಡುವುದಕ್ಕೇ ವಾರಗಟ್ಟಲೆ. ಗುಂಡಿಯ ಮಗ್ಗ. ಮಳೆಗಾಲದ ಮುಂಚೂಣಿಯಿಂದ ಶ್ರಾವಣದವರೆಗಿನ ತಿಂಗಳುಗಳು ನೇಯ್ಗೆಗೆ ಉತ್ತಮ. ಒಣಹವೆಯಲ್ಲಿ ಮಗ್ಗದ ಕೆಳಗೆ ತಟ್ಟೆಗಳಲ್ಲಿ ನೀರು ಇಡುತ್ತಿದ್ದರು. ಇಲ್ಲಿಗೆ ಬಂದಾಗ ನಮ್ಮ ಹಿರಿಯರು, "ನಮ್ಮ ಅಬ್ಬಾ ನೆಲಕ್ಕೆ ನೀರು ಚಿಮುಕಿಸುತ್ತಿದ್ದರು, ಅದೇ ಲೆಕ್ಕ" ಎಂದರು. ಹತ್ತು ಗಜ ಉದ್ದದ ಅರ್ಧ ಥಾನು ಮಲ್ಮಲ್ ಖಾಸ್ ಮುಗಿಯಲು ಐದಾರು ತಿಂಗಳು. ಅದರ ಬೆಲೆ 70ರಿಂದ 80 ರೂಪಾಯಿ. ನೇಕಾರರಲ್ಲಿ ಹಿಂದೂಗಳೂ ಮುಸ್ಲಿಮರೂ ಇದ್ದರು. ಅತಿ ನಯವಾದದ್ದನ್ನು ನೇಯುವುದರಲ್ಲಿ ತಾಂತಿ ಜಾತಿಯ ಹಿಂದೂಗಳದ್ದೇ ದೊಡ್ಡ ಹೆಸರು. ರಫೂಗಾರರು ಮುಸ್ಲಿಮರು. ಥಾನಿನ ಉದ್ದಕ್ಕೂ ಒಂದು ದಪ್ಪ ಎಳೆಯನ್ನು ಹೊರತೆಗೆದು ಆ ಜಾಗಕ್ಕೆ ನಯವಾದ ಎಳೆ ಸೇರಿಸಬಲ್ಲ ಕೈಚಳಕ ಅವರದು. ಅವರಲ್ಲಿ ಹೆಚ್ಚಿನವರು ಅಫೀಮಿನ ಚಟದವರು, ಅದರ ಮತ್ತಿನಲ್ಲೇ ಕೆಲಸ ಮಾಡುತ್ತಾರೆ ಎಂದೂ ಟೇಲರ್ ಬರೆದಿದ್ದಾರೆ. ನಮ್ಮವರ ಹೆಚ್ಚುಗಾರಿಕೆಯನ್ನು ಓದಿ ಹೇಳಿದ ಮೇಲೆ ಈ ಸಾಲನ್ನೂ ಓದಿ ಹೇಳಲೇಬೇಕಾಯಿತು.

ಇನ್ನೊಂದು ವಿಷಯವನ್ನೂ ಬಿಡುವಂತಿಲ್ಲ. ಬಾದಶಾಹರ ಕಾಲವೆಂದರೆ ನೇಕಾರರ ಸ್ವರ್ಗ ಎಂಬಂತೆ ನಾವು ಮಾತನಾಡುತ್ತೇವೆ. 1610ರ ಹೊತ್ತಿಗೆ ಸುಬೇದಾರ ಇಸ್ಲಾಮ್ ಖಾನ್ ಚಿಶ್ತಿ ಢಾಕಾವನ್ನು ಬಂಗಾಳದ ರಾಜಧಾನಿ ಮಾಡಿದ ಮೇಲೆ ಕಸುಬಿಗೆ ದೊಡ್ಡ ಆಸರೆ ಸಿಕ್ಕಿದ್ದು ನಿಜ. ದೊರೆಗಳಿಗೆ ಬೇಕಾದ ಬಟ್ಟೆ ನೇಯಿಸಲೆಂದೇ ಕಾರ್ಖಾನೆಗಳಿದ್ದವು, ಅವುಗಳ ಮೇಲೆ ದಾರೋಗಾ ಇದ್ದ. ಆದರೆ ಆ ದಾರೋಗಾನ ಕಾವಲಿನಲ್ಲಿ ನುರಿತ ನೇಕಾರನಿಗೆ ಬೇರೆಯವರಿಗೆ ನೇಯುವ ಸ್ವಾತಂತ್ರ್ಯವಿರಲಿಲ್ಲ. ಕೂಲಿಯಲ್ಲಿ ಅಧಿಕಾರಿಗಳ ಪಾಲು ಮುರಿದುಕೊಂಡೇ ಕೊಡುತ್ತಿದ್ದರು. ಚೆನ್ನಾಗಿ ನೇಯುತ್ತಾನೆ ಎಂದು ಹೆಸರಾಗುವುದೇ ನೇಕಾರನಿಗೆ ಒಂದು ಅಪಾಯವಾಗಿತ್ತು. ಕಂಪನಿ ಮುಂದೆ ಮಾಡಿದ ಅನ್ಯಾಯಕ್ಕೆ ದಾರಿ ಮೊದಲೇ ಸವೆದಿತ್ತು ಎನ್ನಬೇಕಾಗುತ್ತದೆ.

ಕಂಪನಿ ಮೊದಲು ದಾದನಿ ವ್ಯಾಪಾರಿಗಳ ಮೂಲಕ ಮುಂಗಡ ಕೊಟ್ಟು ಬಟ್ಟೆ ಕೊಳ್ಳುತ್ತಿತ್ತು. 1753ರಲ್ಲಿ ಅವರನ್ನು ಬಿಟ್ಟು ಗುಮಾಸ್ತರೆಂಬ ತನ್ನದೇ ನೌಕರರನ್ನು ಹಳ್ಳಿಗಳಿಗೆ ಕಳಿಸಿತು. 1757ರಲ್ಲಿ ಪ್ಲಾಸಿ ಕದನ ಆಯಿತು, 1765ರಲ್ಲಿ ದಿವಾನಿ ಅಧಿಕಾರವೂ ಕೈಗೆ ಬಂತು. ಈಗ ಕೊಳ್ಳುವವನೂ ಅವನೇ, ಕಂದಾಯ ವಸೂಲಿ ಮಾಡುವವನೂ ಅವನೇ. ಗುಮಾಸ್ತ ಹಳ್ಳಿಗೆ ಬಂದು ನೇಕಾರರನ್ನು ಕರೆಸಿ, ಇಷ್ಟು ಥಾನು, ಇಂತಹ ದಿನ, ಇಷ್ಟು ಬೆಲೆ ಎಂದು ಪತ್ರಕ್ಕೆ ಸಹಿ ಹಾಕಿಸುತ್ತಿದ್ದ. ಮುಂಗಡ ಬೇಡ ಎಂದವರ ಸೊಂಟಕ್ಕೆ ಹಣ ಕಟ್ಟಿ ಚಾಟಿಯಲ್ಲಿ ಹೊಡೆದು ಕಳಿಸಿದ್ದೂ ಉಂಟು. ಬಟ್ಟೆಗೆ ಕಟ್ಟುತ್ತಿದ್ದ ಬೆಲೆ ಪೇಟೆ ದರಕ್ಕಿಂತ ಶೇಕಡಾ 15 ಕಡಿಮೆ, ಕೆಲವೆಡೆ ಶೇಕಡಾ 40 ಕಡಿಮೆ. ಒಮ್ಮೆ ಕಂಪನಿಯ ಖಾತೆಯಲ್ಲಿ ಹೆಸರು ಬಿದ್ದರೆ ಬೇರೆಯವರಿಗೆ ನೇಯುವಂತಿಲ್ಲ. ಈ ವಿವರಗಳೆಲ್ಲ ಇರುವುದು ನಾವು ಮೇಲೆ ಹೇಳಿದ ಬೋಲ್ಟ್ಸ್‌ನ 1772ರ ಪುಸ್ತಕದಲ್ಲಿ.

ಹೆಬ್ಬೆರಳಿನ ಮಾತು ಇರುವುದೂ ಅದೇ ಪುಸ್ತಕದಲ್ಲಿ. ನಾವು ಅದನ್ನು ಮೂರು ಸಲ ಓದಿದೆವು. ಅಲ್ಲಿರುವುದು ಹತ್ತಿ ನೇಯುವವರಲ್ಲ, ಕಚ್ಚಾ ರೇಷ್ಮೆಯ ನೂಲು ಬಿಚ್ಚುವ ಕೆಲಸಗಾರರು. ಅವರಿಗೆ ನಗಾದ್ ಎಂಬ ಹೆಸರು ಕೊಟ್ಟಿದ್ದಾನೆ. ಅವರ ಬೆರಳನ್ನು ಕಂಪನಿಯವರು ಕತ್ತರಿಸಲಿಲ್ಲ. ಆ ಕೆಲಸಕ್ಕೆ ತಮ್ಮನ್ನು ಬಲವಂತವಾಗಿ ಎಳೆದೊಯ್ಯಬಾರದೆಂದು ಅವರೇ ತಮ್ಮ ಹೆಬ್ಬೆರಳು ಕತ್ತರಿಸಿಕೊಂಡ ಉದಾಹರಣೆಗಳಿವೆ ಎಂದು ಬೋಲ್ಟ್ಸ್ ಬರೆದಿದ್ದಾನೆ. ಕಾಲವೂ ಬೇರೆ. ಇಂಗ್ಲೆಂಡಿನಲ್ಲಿ ಮಸ್ಲಿನ್‌ಗೆ ತಕ್ಕ ನೂಲು ತೆಗೆಯುವ ಯಂತ್ರ ಆಗಿನ್ನೂ ಹುಟ್ಟಿರಲಿಲ್ಲ. ಗಿರಣಿ ಬಟ್ಟೆ ಮಾರಲೆಂದು ಬೆರಳು ಕಡಿದರು ಎಂಬ ಮಾತು ಇದಕ್ಕೆ ಹೊಂದುವುದೇ ಇಲ್ಲ. ಕಂಪನಿಗೆ ಆಗ ಬೇಕಾಗಿದ್ದದ್ದು ಇನ್ನಷ್ಟು ಬಟ್ಟೆ, ಇನ್ನಷ್ಟು ಕಡಿಮೆ ಬೆಲೆಗೆ. ಮಗ್ಗದಲ್ಲಿ ಕೂತ ಹಿರಿಯರು ಓದದೆಯೇ ಹೇಳಿದ್ದು ಇದನ್ನೇ.

ರಾವಿಯನ್ನೂ ತೂಗಬೇಕಲ್ಲ. ಬೋಲ್ಟ್ಸ್ ಕಂಪನಿಯಲ್ಲೇ ಕೆಲಸ ಮಾಡಿ, ಸ್ವಂತ ವ್ಯಾಪಾರದಿಂದ ಹಣ ಮಾಡಿ, ಮೇಲಿನವರ ಜೊತೆ ಜಗಳವಾಗಿ 1768ರಲ್ಲಿ ಬಂಗಾಳದಿಂದ ಗಡೀಪಾರಾದವನು. ಕಂಪನಿಯ ಮೇಲೆ ಅವನಿಗೆ ಹಗೆಯಿತ್ತು. ಅಂತಹ ಹಗೆಯವನೂ ಕಂಪನಿಯವರು ನೇಕಾರರ ಬೆರಳು ಕಡಿದರು ಎಂದು ಬರೆಯಲಿಲ್ಲ ಎಂಬುದು ನಮಗೆ ದೊಡ್ಡ ಸಾಕ್ಷಿಯಾಗಿ ಕಾಣುತ್ತದೆ. 1788ರಲ್ಲಿ ಲಂಡನ್ನಿನಲ್ಲಿ ವಾರೆನ್ ಹೇಸ್ಟಿಂಗ್ಸ್‌ನ ವಿಚಾರಣೆ ನಡೆದಾಗ ಎಡ್ಮಂಡ್ ಬರ್ಕ್ ರಂಗಪುರದ ರೈತರ ಬೆರಳುಗಳನ್ನು ಕಟ್ಟಿ ನಡುವೆ ಬೆಣೆ ಹೊಡೆದ ಹಿಂಸೆಯನ್ನು ವರ್ಣಿಸಿದ್ದ. ಅಲ್ಲಿ ರೈತರ ಬೆರಳು, ಇಲ್ಲಿ ರೇಷ್ಮೆಯವರ ಹೆಬ್ಬೆರಳು. ಎರಡೂ ಜನರ ಬಾಯಲ್ಲಿ ಕೂಡಿಕೊಂಡು ಢಾಕಾದ ನೇಕಾರನ ಕೈಗೆ ಬಂದು ಸೇರಿರಬಹುದು. ಇದು ನಮ್ಮ ಊಹೆ ಅಷ್ಟೇ.

ಇನ್ನೊಂದು ಮಾತು. ಬೋಲ್ಟ್ಸ್‌ನ ಪುಸ್ತಕದಲ್ಲಿ ಹಳ್ಳಿಗೆ ಬಂದು ಹೊಡೆಯುವವರು ಯಾರು? ಗುಮಾಸ್ತ, ಅವನ ಪ್ಯಾದೆ, ದಲ್ಲಾಳಿ. ಹೆಚ್ಚಿನವರು ಈ ನೆಲದವರೇ. ಕೆಂಪು ಮುಖದ ಒಬ್ಬ ಸಾಹೇಬ ಕತ್ತಿ ಹಿಡಿದು ಬೆರಳು ಕಡಿದ ಎಂದಾಗ ಇವರೆಲ್ಲ ಕಥೆಯಿಂದ ಮೆಲ್ಲಗೆ ಜಾರಿಕೊಳ್ಳುತ್ತಾರೆ. ನಾವು ಅಂದು ಬಯಾನ್ ಹೇಳಿದ್ದು ಕೂಲಿಯ ಬಗ್ಗೆ. ಕೂಲಿಯಲ್ಲಿ ಮುರಿದುಕೊಳ್ಳುವವರು ಅಂದು ನಮ್ಮ ಎದುರಿನ ಸಫ್‌ಗಳಲ್ಲೂ ಇದ್ದಿರಬಹುದು. ಅವರೂ ಕಣ್ಣು ಒರೆಸಿಕೊಂಡು ಹಗುರವಾಗಿ ಮನೆಗೆ ಹೋದರು. ಗುಮಾಸ್ತನ ಹೆಸರು ಎತ್ತಿದ್ದರೆ ಅಷ್ಟು ಹಗುರವಾಗಿ ಹೋಗುತ್ತಿರಲಿಲ್ಲವೇನೋ.

ಹಾಗಾದರೆ ಮಲ್ಮಲ್ ಸತ್ತದ್ದು ಹೇಗೆ? 1769-70ರ ಬರದಲ್ಲಿ ಬಂಗಾಳದ ಅಸಂಖ್ಯಾತ ಜನ ಸತ್ತರು, ಅವರಲ್ಲಿ ನೂಲುವವರೂ ನೇಯುವವರೂ ಇದ್ದರು. 1779ರಲ್ಲಿ ಸ್ಯಾಮ್ಯುಯೆಲ್ ಕ್ರಾಂಪ್ಟನ್ ಎಂಬಾತ ಇಂಗ್ಲೆಂಡಿನಲ್ಲಿ ನಯವಾದ ನೂಲು ತೆಗೆಯುವ ಯಂತ್ರ ಮಾಡಿದ. ಅದಕ್ಕೆ ಮೊದಮೊದಲು ಮಸ್ಲಿನ್ ರಾಟೆ ಎಂದೇ ಕರೆದರು. ಢಾಕಾದ ನಯ ಅದಕ್ಕೆ ಬರಲಿಲ್ಲ, ಆದರೆ ಬೆಲೆ ಕಡಿಮೆ. ಅಷ್ಟು ಸಾಲದೆಂದು ಇಂಗ್ಲೆಂಡ್ ತನ್ನ ಬಾಗಿಲಲ್ಲಿ ಸುಂಕದ ಗೋಡೆ ಕಟ್ಟಿತು. 1813ರವರೆಗೂ ಭಾರತದ ಬಟ್ಟೆಯನ್ನು ಅಲ್ಲಿನ ಬಟ್ಟೆಗಿಂತ ಶೇಕಡಾ 50-60 ಕಡಿಮೆ ಬೆಲೆಗೆ ಅಲ್ಲೇ ಲಾಭಕ್ಕೆ ಮಾರಬಹುದಿತ್ತು, ಅದನ್ನು ತಡೆಯಲು ಶೇಕಡಾ 70-80ರಷ್ಟು ಸುಂಕ ಹಾಕಬೇಕಾಯಿತು ಎಂದು ಇಂಗ್ಲಿಷ್ ಇತಿಹಾಸಕಾರ ಎಚ್. ಎಚ್. ವಿಲ್ಸನ್ ಬರೆದಿದ್ದಾರೆ. ಆ ಕಡೆಯಿಂದ ಇಲ್ಲಿಗೆ ಬರುವ ಬಟ್ಟೆಗೆ ಸುಂಕ ಶೇಕಡಾ ಎರಡೂವರೆ. 1787ರಲ್ಲಿ ಢಾಕಾದಿಂದ ಇಂಗ್ಲೆಂಡಿಗೆ ಹೋದ ಮಲ್ಮಲ್ 30 ಲಕ್ಷ ರೂಪಾಯಿಯದು. 1817ರಲ್ಲಿ ಏನೂ ಇಲ್ಲ, ಕಂಪನಿ ಢಾಕಾದ ತನ್ನ ಕೋಠಿಯನ್ನೇ ಮುಚ್ಚಿತು. ಊರಿನ ಜನಸಂಖ್ಯೆ ಒಂದೂವರೆ ಲಕ್ಷದಿಂದ ಮೂವತ್ತು ನಲವತ್ತು ಸಾವಿರಕ್ಕೆ ಇಳಿದಿದೆ, ಕಾಡು ಊರೊಳಗೆ ಬರುತ್ತಿದೆ ಎಂದು ಚಾರ್ಲ್ಸ್ ಟ್ರೆವೆಲ್ಯಾನ್ 1840ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿಯ ಮುಂದೆ ಸಾಕ್ಷಿ ಹೇಳಿದ.

ಬಟ್ಟೆಗಿಂತ ಮೊದಲು ಸತ್ತದ್ದು ನೂಲು. 1820ರ ದಶಕದಲ್ಲಿ ವಿಲಾಯತಿ ನೂಲು ಬಂತು. ನೇಕಾರನಾದರೂ ಆ ನೂಲನ್ನೇ ಕೊಂಡು ನೇಯ್ದು ಸ್ವಲ್ಪ ಕಾಲ ಬದುಕಿದ. ನೂಲುವ ಹೆಂಗಸರಿಗೆ ಆ ದಾರಿಯೂ ಇರಲಿಲ್ಲ. ಅವರಲ್ಲೊಬ್ಬಳ ಮಾತು ನಮಗೆ ಉಳಿದಿದೆ. 1828ರಲ್ಲಿ ಸಮಾಚಾರ ದರ್ಪಣ ಎಂಬ ಬಂಗಾಳಿ ಪತ್ರಿಕೆಗೆ ಶಾಂತಿಪುರದ ಒಬ್ಬ ವಿಧವೆ ಪತ್ರ ಬರೆಸಿದಳು. ಶಾಂತಿಪುರ ಢಾಕಾದಿಂದ ದೂರ, ಆದರೆ ಅದೂ ನಯವಾದ ಬಟ್ಟೆಗೆ ಹೆಸರಾದ ಊರು. ಹಿಂದೂ ಹೆಣ್ಣುಮಗಳು. ಗಾಂಧೀಜಿಯವರು ನೂರು ವರ್ಷದ ನಂತರ ತಮ್ಮ ಪತ್ರಿಕೆಯಲ್ಲಿ ಇದನ್ನು ಮತ್ತೆ ಅಚ್ಚು ಹಾಕಿಸಿದರು.

ಅವಳ ಪತ್ರದ ಸಾರ ಇಷ್ಟು. ಇಪ್ಪತ್ತೆರಡನೇ ವಯಸ್ಸಿಗೆ ಗಂಡ ಸತ್ತ. ಮೂರು ಹೆಣ್ಣುಮಕ್ಕಳು, ಅತ್ತೆ ಮಾವ. ಮೈಮೇಲಿನ ಒಡವೆ ಮಾರಿ ಗಂಡನ ಶ್ರಾದ್ಧ ಮಾಡಿದಳು. ಉಪವಾಸ ಬೀಳುವ ಹೊತ್ತಿಗೆ ತಕಲಿ, ಚರಕ ಹಿಡಿದಳು. ಬೆಳಿಗ್ಗೆ ಮನೆಗೆಲಸ ಮುಗಿಸಿ ನೂಲಲು ಕೂತು ಮಧ್ಯಾಹ್ನ ಎದ್ದು ಅಡುಗೆ ಮಾಡಿ ಎಲ್ಲರಿಗೂ ಬಡಿಸಿ ಮತ್ತೆ ನೂಲುವುದು. ನೇಕಾರರು ಮನೆ ಬಾಗಿಲಿಗೆ ಬಂದು ಮೂರು ತೊಲೆಗೆ ಒಂದು ರೂಪಾಯಿಯಂತೆ ಕೊಳ್ಳುತ್ತಿದ್ದರು, ಕೇಳಿದಷ್ಟು ಮುಂಗಡ ಕೊಡುತ್ತಿದ್ದರು. ಕೆಲವು ವರ್ಷದಲ್ಲಿ 28 ರೂಪಾಯಿ ಕೂಡಿಸಿ ಒಬ್ಬ ಮಗಳ ಮದುವೆ ಮಾಡಿದಳು. ಹೀಗೆಯೇ ಮೂವರದೂ ಆಯಿತು. ಮಾವ ಸತ್ತಾಗ 44 ರೂಪಾಯಿ ಖರ್ಚು ಮಾಡಿದಳು. ಎಲ್ಲ ತಕಲಿಯ ದುಡಿಮೆ. ಈಗ ಮೂರು ವರ್ಷದಿಂದ ನೇಕಾರರು ಬಾಗಿಲಿಗೆ ಬರುವುದಿಲ್ಲ. ಪೇಟೆಗೆ ಕಳಿಸಿದರೆ ಹಿಂದಿನ ಕಾಲು ಭಾಗ ಬೆಲೆಗೂ ಕೇಳುವವರಿಲ್ಲ. ವಿಚಾರಿಸಿದರೆ ವಿಲಾಯತಿ ನೂಲು ಬಂದಿದೆ ಎಂದರು. ತನ್ನಷ್ಟು ಚೆನ್ನಾಗಿ ಯಾರು ನೂಲಬಲ್ಲರು ಎಂಬ ಹೆಮ್ಮೆಯಿದ್ದವಳು ಅದನ್ನು ತರಿಸಿ ನೋಡಿದಳು. ತನ್ನದಕ್ಕಿಂತ ಅದು ಚೆನ್ನಾಗಿದೆ ಎಂದು ಅವಳೇ ಒಪ್ಪಿಕೊಂಡಳು. ಬೆಲೆ ಸೇರಿಗೆ ಮೂರು ನಾಲ್ಕು ರೂಪಾಯಿ. ಅದು ಯಂತ್ರದ್ದು ಎಂಬುದು ಅವಳಿಗೆ ಗೊತ್ತಿರಲಿಲ್ಲ. ವಿಲಾಯತಿನವರೆಲ್ಲ ಶ್ರೀಮಂತರು ಎಂದುಕೊಂಡಿದ್ದೆ, ಇಷ್ಟು ಅಗ್ಗಕ್ಕೆ ನೂಲು ಮಾರುತ್ತಾರೆಂದರೆ ಅಲ್ಲಿ ನನಗಿಂತಲೂ ಬಡ ಹೆಂಗಸರಿರಬೇಕು ಎಂದು ಅವರಿಗಾಗಿ ಮರುಗಿದಳು. ಈ ನೂಲಿನ ಬಟ್ಟೆ ಎರಡು ತಿಂಗಳೂ ಬಾಳುವುದಿಲ್ಲ, ಕೊಳೆತುಹೋಗುತ್ತದೆ, ಇದನ್ನು ಇಲ್ಲಿಗೆ ಕಳಿಸುವುದು ನ್ಯಾಯವೇ ಎಂದು ಅಲ್ಲಿನ ನೂಲುವವರೇ ಯೋಚಿಸಲಿ ಎಂದು ಪತ್ರ ಮುಗಿಸಿದಳು.

ಫುಟಿ ಕಾರ್ಪಾಸ್ ಗಿಡವನ್ನು ಬಿತ್ತುವವರಿಲ್ಲದೆ ಅದೂ ಹೊಲಗಳಿಂದ ಮರೆಯಾಯಿತು. 1866ರಲ್ಲಿ ಫೋರ್ಬ್ಸ್ ವಾಟ್ಸನ್ ಎಂಬ ಅಧಿಕಾರಿ ಭಾರತದ 700 ಬಟ್ಟೆಗಳ ತುಂಡುಗಳನ್ನು 18 ಸಂಪುಟಗಳಲ್ಲಿ ಅಂಟಿಸಿ ಇಂಗ್ಲೆಂಡಿನ ಗಿರಣಿ ಪಟ್ಟಣಗಳಿಗೆ ಹಂಚಿದ, ನೋಡಿ ನಕಲು ಮಾಡಿಕೊಳ್ಳಲಿ ಎಂದು. ಢಾಕಾದ ನೂಲನ್ನು ಸೂಕ್ಷ್ಮದರ್ಶಕದಲ್ಲಿಟ್ಟು ಯುರೋಪಿನದಕ್ಕಿಂತ ಇದೇ ನಯ ಎಂದು ಬರೆದವನೂ ಅವನೇ. ಹಳೆಯ ಥಾನುಗಳು ಈಗ ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಂತಹ ಕಡೆ ಇವೆ. ಜಾಮ್‌ದಾನಿ ಮಾತ್ರ ಉಸಿರು ಹಿಡಿದು ಉಳಿಯಿತು. ಢಾಕಾ ಹತ್ತಿರದ ಶೀತಲಕ್ಷ್ಯಾ ನದಿಯ ದಂಡೆಯಲ್ಲಿ ಇಂದಿಗೂ ನೇಯುತ್ತಾರೆ, ನೇಯುವವರಲ್ಲಿ ಬಹುಪಾಲು ಮುಸ್ಲಿಮರು. 2013ರಲ್ಲಿ ಯುನೆಸ್ಕೋ ಆ ಕಲೆಯನ್ನು ತನ್ನ ಪಟ್ಟಿಗೆ ಸೇರಿಸಿತು. ಬಾಂಗ್ಲಾದೇಶದ ಸಂಶೋಧಕರು ಕಳೆದ ದಶಕದಲ್ಲಿ ಹಳೆಯ ಬಟ್ಟೆ, ಹಳೆಯ ಗಿಡದ ಚಿತ್ರ ಹಿಡಿದು ಊರೂರು ಅಲೆದು ಕಾಪಾಸಿಯಾ ಎಂಬಲ್ಲಿ ಫುಟಿ ಕಾರ್ಪಾಸನ್ನು ಹೋಲುವ ಗಿಡ ಹುಡುಕಿದರು. ಊರಿನ ಹೆಸರಿನಲ್ಲೇ ಹತ್ತಿ ಇದೆ. 2020ರಲ್ಲಿ ಢಾಕಾ ಮಸ್ಲಿನ್‌ಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಅತಿ ನಯವಾದ ನೂಲಿಗೆ ಅವರು ಮತ್ತೆ ಹುಡುಕಿದ್ದು ಹೆಂಗಸರ ಬೆರಳುಗಳನ್ನೇ.

ಇಷ್ಟನ್ನು ಓದಿದ ಮೇಲೆ ಒಂದು ಶುಕ್ರವಾರ, ನಾವು ಹಿಂದೆ ಹೇಳಿದ ಹೆಬ್ಬೆರಳಿನ ಮಾತಿಗೆ ಆಧಾರವಿಲ್ಲ, ಅದನ್ನು ಹಿಂತೆಗೆದುಕೊಳ್ಳುತ್ತೇವೆ ಎಂದು ಬಯಾನ್‌ನಲ್ಲೇ ಹೇಳಿದೆವು. ಕೆಲವರಿಗೆ ಇಷ್ಟವಾಗಲಿಲ್ಲ. ಹಜ್ರತ್ ಇಂಗ್ಲಿಷರ ಪರ ಮಾತನಾಡುತ್ತಾರೆ ಎಂದು ಒಬ್ಬರು ಹೊರಗೆ ಹೇಳಿದರಂತೆ. ಚಪ್ಪಲಿ ಬಿಡುವ ಕಡೆ ಎಂಟನೇ ತರಗತಿಯ ಹುಡುಗನೊಬ್ಬ ನಮಗಾಗಿ ಕಾದು ನಿಂತಿದ್ದ. ನಮ್ಮ ಹಿಂದಿನ ಬಯಾನ್ ಕೇಳಿ ಅವನು ಶಾಲೆಯ ಭಾಷಣ ಸ್ಪರ್ಧೆಗೆ ಹೆಬ್ಬೆರಳಿನ ಕಥೆಯನ್ನೇ ಬರೆದುಕೊಂಡಿದ್ದ. "ಈಗ ಏನು ಹೇಳಲಿ ಹಜ್ರತ್?" ಎಂದ. ಮಸೀದಿಯ ಜಗಲಿಯಲ್ಲಿ ಕೂರಿಸಿಕೊಂಡು ಶಾಂತಿಪುರದ ಹೆಣ್ಣುಮಗಳ ಪತ್ರವನ್ನು ಹೇಳಿದೆವು. ಅವನು ನೋಟುಬುಕ್ಕಿನ ಹಳೆಯ ಪುಟದ ಮೇಲೆ ಗೀಟು ಎಳೆದು ಹೊಸ ಪುಟದಲ್ಲಿ ಬರೆದುಕೊಂಡ. ಬರೆದು ಮುಗಿಸಿ, ಮೂರು ತೊಲೆ ಎಂದರೆ ಎಷ್ಟು ಗ್ರಾಂ ಎಂದು ಕೇಳಿದ. ಸುಮಾರು ಮೂವತ್ತೈದು ಎಂದೆವು. ಪಕ್ಕದಲ್ಲಿ ಕೂತಿದ್ದ ನಮ್ಮ ಹಿರಿಯರು ಎದ್ದು ಹೋಗಿ, ರಸ್ತೆಯಾಚೆಯ ಕಿರಾಣಿ ಅಂಗಡಿಯಿಂದ ಮೂವತ್ತೈದು ಗ್ರಾಂ ಹತ್ತಿ ತೂಗಿಸಿ ಕಾಗದದಲ್ಲಿ ಕಟ್ಟಿಸಿಕೊಂಡು ಬಂದು ಅವನ ಅಂಗೈಯಲ್ಲಿಟ್ಟರು.